ವೇಗಕ್ಕೊಂದು ಅಂಗಳ

ದಿಂಬಂ ಘಾಟಿನ ತಿರುವುಗಳಿಗೆಲ್ಲ ನಂಬರು ಇದೆ. ಚಾಮರಾಜನಗರ ಬಿಟ್ಟು, ಪುಣಜನೂರಿನ ಚೆಕ್‌ಪೋಸ್ಟ್ ಕಳೆದು, ಹಾಸನೂರಿನ ಕಾಡೊಳಗೆ ಸಾಗಿದ ಬಸ್ಸು ಇದ್ದಕ್ಕಿದ್ದಂತೆ ನೆಲದ ಅಂಚಿಗೇ ಬಂದುಬಿಡುತ್ತದೆ. ಕೆಳಗೆ ಸತ್ಯಮಂಗಲದ ಬಯಲು ಬೆಳಗಿನ ಮಂಜು ಹೊದ್ದು ಮಲಗಿರುತ್ತದೆ. ಅಲ್ಲಿಂದ ಕೆಳಕ್ಕೆ 27 ಹೇರ್‌ಪಿನ್ ತಿರುವು. ಕೊಟ್ಟೂರಿನಿಂದ ಹೊರಟ ನನಗೆ ರಸ್ತೆ ಎಂದರೆ ನೆಟ್ಟಗೆ ಹೋಗಿ ಮುಗಿಲಿಗೆ ತಾಗುವಂಥದ್ದು. ಕೂಡ್ಲಿಗಿ ಕಡೆ ಹೋದರೂ ಅಷ್ಟೆ, ಹಗರಿಬೊಮ್ಮನಹಳ್ಳಿ ಕಡೆ ಹೋದರೂ ಅಷ್ಟೆ. ಒಂದು ರಸ್ತೆ ತನ್ನ ಮೇಲೆ ತಾನೇ ಇಷ್ಟು ಸಲ ಮಡಚಿಕೊಳ್ಳುವುದನ್ನು ಕಂಡು ಕಿಟಕಿಯ ಸರಳು ಬಿಗಿಯಾಗಿ ಹಿಡಿದುಕೊಂಡೆ.

ಡ್ರೈವರು ಮಾತ್ರ ನಿರಾಳವಾಗಿದ್ದರು. ತಿರುವು ಬರುವ ಮೊದಲೇ ವೇಗ ಇಳಿಸಿ, ಹೊರ ಅಂಚಿಗೆ ಸರಿದು, ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಬಂದು ಬಸ್ಸನ್ನು ನೆಟ್ಟಗೆ ಮಾಡುತ್ತಿದ್ದರು. ಪಕ್ಕದಲ್ಲಿದ್ದ ಅಕ್ಕನ ಮಗ ನನ್ನ ಮೊಣಕೈ ತಿವಿದ.

"ನೋಡು ಮಾಮಾ, ಇದಕ್ಕ ಲೈನ್ ಅಂತಾರ. ನಾಳೆ ಟ್ರ್ಯಾಕಿನಾಗ ನೋಡೋದೂ ಇದನ್ನ. ಅಲ್ಲಿ ಸ್ಪೀಡು ಬ್ಯಾರೆ, ಅಷ್ಟ."

ನಾವು ಹೊರಟಿದ್ದು ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳೆಯಂಗೆ. ಅಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಖಾಸಗಿ ರೇಸ್ ಟ್ರ್ಯಾಕ್ ಇದೆ. ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನೂ ಅವನ ಗೆಳೆಯರೂ ಸೇರಿ ಒಂದು ಪುಟ್ಟ ರೇಸ್ ಕಾರು ಕಟ್ಟಿದ್ದರು. ಜನವರಿಯಲ್ಲಿ ಅಲ್ಲಿ ನಡೆಯುವ ಫಾರ್ಮುಲಾ ಭಾರತ್ ಎಂಬ ವಿದ್ಯಾರ್ಥಿಗಳ ಸ್ಪರ್ಧೆಗೆ ಗಾಡಿಯನ್ನು ಲಾರಿಯಲ್ಲಿ ಮುಂದೆ ಕಳಿಸಿ, ಇವನು ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹೊರಟಿದ್ದ. ನನಗೆ ರೇಸೆಂದರೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದು ಭಯ ಮಾತ್ರ. ಹೊಸಪೇಟೆ–ಚಿತ್ರದುರ್ಗದ ನಡುವಿನ ಹೆದ್ದಾರಿ ಕೂಡ್ಲಿಗಿಯ ಮೇಲೆ ನಾಲ್ಕು ಪಥವಾಗಿ ಹಾದುಹೋದ ಮೇಲೆ, ರಾತ್ರಿ ಊಟ ಮುಗಿಸಿ ಬೈಕು ತೆಗೆದುಕೊಂಡು ಹೋಗುವ ಹುಡುಗರನ್ನು ನೋಡಿದ್ದೇನೆ. ನಮ್ಮ ಓಣಿಯ ಒಬ್ಬ ಹುಡುಗ ಹಾಗೆ ಹೋದವನು ಮರಳಲಿಲ್ಲ. ಅವನ ತಾಯಿ ಈಗಲೂ ಬೈಕಿನ ಸದ್ದು ಕೇಳಿದರೆ ಬಾಗಿಲಿಗೆ ಬರುತ್ತಾಳೆ. ಆ ಭಯ ಹೊತ್ತುಕೊಂಡೇ ನಾನು ಬಸ್ಸು ಹತ್ತಿದ್ದು.

ದಾರಿಯುದ್ದಕ್ಕೂ ಕನ್ನಡ ಕಿವಿಗೆ ಬೀಳುತ್ತಲೇ ಇತ್ತು. ಹಾಸನೂರಿನಲ್ಲಿ ಹತ್ತಿದ ಹೆಂಗಸರು ತಾಳವಾಡಿಯವರು. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದರೂ ತಾಳವಾಡಿಯ ಮನೆಮಾತು ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಅಲ್ಲೇ. ಗಡಿ ಎಂಬುದು ನಕ್ಷೆಯ ಮೇಲೆ ಗೀಟು, ಬಸ್ಸಿನ ಸೀಟಿನಲ್ಲಿ ಅದು ಕಾಣುವುದಿಲ್ಲ. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಬಳ್ಳಾರಿ ಜಿಲ್ಲೆಯೊಂದಿಗೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೇ ಸೇರಿದ್ದವು. ಕೊಳ್ಳೇಗಾಲವಂತೂ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ನಮ್ಮ ಅಜ್ಜಂದಿರ ಕಾಲಕ್ಕೆ ಕೊಟ್ಟೂರಿಗೂ ಕೊಯಮತ್ತೂರಿಗೂ ಸರ್ಕಾರ ಒಂದೇ. ಹಳೆಯ ನೆಂಟರ ಮನೆಗೆ ಹೊರಟ ಹಾಗೆ ಅನ್ನಿಸಿತು.

ನಿಜಕ್ಕೂ ನೆಂಟಸ್ತಿಕೆ ಇದೆ. ಕೂಡ್ಲಿಗಿ ತಾಲ್ಲೂಕಿನ ಯಾವುದೇ ಹೊಲಕ್ಕೆ ಹೋಗಿ ಬೋರ್‌ವೆಲ್ಲಿನ ಪಂಪು ಎತ್ತಿಸಿ ನೋಡಿ. ಮೋಟಾರಿನ ತಗಡಿನ ಪಟ್ಟಿಯ ಮೇಲೆ ಬಹಳ ಸಲ ಕಾಣುವ ಊರಿನ ಹೆಸರು ಕೊಯಮತ್ತೂರು. ಟೆಕ್ಸ್‌ಮೋ, ಸಿಆರ್‌ಐ, ಸುಗುಣ ಎಲ್ಲ ಅಲ್ಲಿಯವೇ. ಕರಿಮಣ್ಣಿನ ಹತ್ತಿ ಆ ಊರನ್ನು ಗಿರಣಿಯ ಊರನ್ನಾಗಿ ಮಾಡಿತು. ನೀಲಗಿರಿಯ ಪೈಕಾರಾದಿಂದ 1930ರ ದಶಕದಲ್ಲಿ ಕರೆಂಟು ಇಳಿದು ಬಂದಾಗ ಗಿರಣಿಗಳು ಹೆಚ್ಚಿದವು. ಗಿರಣಿಯ ಯಂತ್ರ ರಿಪೇರಿಗೆ ಫೌಂಡ್ರಿಗಳು ಬಂದವು, ಫೌಂಡ್ರಿಯಿಂದ ಮೋಟಾರು, ಮೋಟಾರಿನಿಂದ ಪಂಪು. ಜಿ.ಡಿ. ನಾಯ್ಡು ಎಂಬ ಮನುಷ್ಯ 1920ರಲ್ಲಿ ಪೊಳ್ಳಾಚಿ–ಪಳನಿ ದಾರಿಯಲ್ಲಿ ಒಂದೇ ಒಂದು ಬಸ್ಸು ಓಡಿಸಿ ಶುರುಮಾಡಿ, 1937ರ ಹೊತ್ತಿಗೆ ದೇಶದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರಿನ ತನಕ ಬಂದದ್ದು ಇದೇ ಊರಿನಲ್ಲಿ. ಕಬ್ಬಿಣವನ್ನು ಕಂಡರೆ ಬಿಚ್ಚಿ ನೋಡಬೇಕು, ಬಿಚ್ಚಿದ್ದನ್ನು ಇನ್ನೂ ಚೆನ್ನಾಗಿ ಜೋಡಿಸಬೇಕು ಎನ್ನುವ ಚಟ ಹಿಡಿದ ಊರದು. ಅಂಥ ಊರಿನಲ್ಲಿ ರೇಸಿನ ಹುಚ್ಚು ಹುಟ್ಟದಿದ್ದರೇ ಆಶ್ಚರ್ಯವಾಗುತ್ತಿತ್ತು.

ನಮ್ಮಲ್ಲಿಯೂ ಒಂದು ಕಾಲದಲ್ಲಿ ಅದರ ಕಿಡಿ ಇತ್ತು. ಮೈಸೂರಿನಲ್ಲಿ ಬಸ್ಸು ಬದಲಿಸುವಾಗ ನೆನಪಾಯಿತು. ಅಲ್ಲಿನ ಐಡಿಯಲ್ ಜಾವಾ ಬೈಕಿನ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ನನ್ನ ದೊಡ್ಡಪ್ಪನ ಯೆಜ್ಡಿ ಹುಟ್ಟಿದ್ದು ಅದೇ ಕಾರ್ಖಾನೆಯಲ್ಲಿ. ಹರಪನಹಳ್ಳಿ ಸಂತೆಗೆ ಹೋದ ದೊಡ್ಡಪ್ಪ ಊರ ಹೊರಗೆ ಬಂದರೆ ಸಾಕು, ಅದರ ಸದ್ದು ಕೇಳಿ ದೊಡ್ಡವ್ವ ಒಲೆಯ ಮೇಲೆ ಹಂಚಿಡುತ್ತಿದ್ದಳು.

ಚೆಟ್ಟಿಪಾಳೆಯಂನ ಟ್ರ್ಯಾಕಿಗೆ ಕರಿ ಎಂಬ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಕೊಯಮತ್ತೂರಿನ ಉದ್ಯಮಿ ಮನೆತನದವರು, ಸ್ವತಃ ರೇಸಿನಲ್ಲಿ ಗೆದ್ದವರು. ಅವರ ಕಾಲದ ದಕ್ಷಿಣ ಭಾರತದ ರೇಸೆಂದರೆ ಮದ್ರಾಸಿನ ಉತ್ತರಕ್ಕಿರುವ ಶೋಳಾವರಂ. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಪಟ್ಟಿ ಅದು. ಯುದ್ಧ ಮುಗಿದ ಮೇಲೆ ಮದ್ರಾಸಿನ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಹುಲ್ಲಿನ ಪೆಂಡಿ, ಡ್ರಮ್ಮು ಇಟ್ಟು ಅದರ ಮೇಲೆ ಕಾರು ಬೈಕು ಓಡಿಸತೊಡಗಿದರು. ಸಾವಿರ ಸಾವಿರ ಜನ ಬಿಸಿಲಲ್ಲಿ ನಿಂತು ನೋಡುತ್ತಿದ್ದರು. ಬೆಂಗಳೂರಿನವರೂ ಮೈಸೂರಿನವರೂ ಅಲ್ಲಿಗೆ ಹೋಗುತ್ತಿದ್ದರು. ಆದರೆ ವಿಮಾನಕ್ಕೆ ಹಾಕಿದ ನೆಲ ವಿಮಾನಕ್ಕೇ ಸರಿ. ಓಡುವವನಿಗೂ ನೋಡುವವನಿಗೂ ನಡುವೆ ಕಾಪು ಕಡಿಮೆ. ಕೊನೆಗೆ ಆ ಕ್ಲಬ್ಬು ತನ್ನದೇ ನೆಲ ಕೊಂಡು, ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈಯಲ್ಲಿ 3.7 ಕಿ.ಮೀ. ಉದ್ದದ ಟ್ರ್ಯಾಕ್ ಕಟ್ಟಿಸಿತು. ಅದು ತೆರೆದದ್ದು 1990ರಲ್ಲಿ.

ನೆಲ ಸಿಕ್ಕರೆ ಸಾಲದು, ಗಾಡಿಯೂ ಬೇಕಲ್ಲ. ಆಗ ರೇಸಿನ ಗಾಡಿ ಎಂದರೆ ಒಂದೋ ಹೊರದೇಶದಿಂದ ತರಿಸಿದ್ದು, ಇಲ್ಲವೇ ಹಳೆಯ ಫಿಯೆಟ್ಟನ್ನು ಬಿಚ್ಚಿ ಹಗುರ ಮಾಡಿದ್ದು. ಮೊದಲನೆಯದು ರಾಜಮಹಾರಾಜರಿಗೂ ಕಾರ್ಖಾನೆ ಮಾಲೀಕರಿಗೂ ಮಾತ್ರ. ಕರಿವರ್ಧನ್ 1988ರಲ್ಲಿ ಮಾಡಿದ ಕೆಲಸವನ್ನು ನಾನು ದೊಡ್ಡ ಕೆಲಸ ಎನ್ನುತ್ತೇನೆ. ಮಾರುತಿ 800ರ 796 ಸಿಸಿ ಎಂಜಿನ್ನು, ಅದರ ಗೇರುಪೆಟ್ಟಿಗೆ ತೆಗೆದುಕೊಂಡು, ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡಿ, ಒಬ್ಬನೇ ಕೂರುವ ಹಗುರವಾದ ರೇಸ್ ಕಾರು ಕಟ್ಟಿದರು. ಹೆಸರು ಫಾರ್ಮುಲಾ ಮಾರುತಿ. ಎಲ್ಲರಿಗೂ ಒಂದೇ ಗಾಡಿ, ಒಂದೇ ಎಂಜಿನ್ನು. ಕೆಟ್ಟರೆ ಬಿಡಿಭಾಗ ಪೇಟೆಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಗೆದ್ದವನು ದುಡ್ಡಿನಿಂದ ಗೆದ್ದ ಎನ್ನುವ ಮಾತಿಗೆ ಜಾಗವೇ ಇಲ್ಲ, ಕೈಯಿಂದ ಗೆದ್ದ ಅಷ್ಟೆ. ಕೊಯಮತ್ತೂರಿನ ಹುಡುಗ ನರೈನ್ ಕಾರ್ತಿಕೇಯನ್ ಅಂಥ ಗಾಡಿಯಲ್ಲೇ ಕೈ ಪಳಗಿಸಿಕೊಂಡು, 2005ರಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯರಾದರು. ಅದನ್ನು ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

ಗೆಳೆಯನ ಹೆಸರಿನಲ್ಲಿ ಟ್ರ್ಯಾಕ್ ಕಟ್ಟಿಸಿದವರು ಬಿ. ವಿಜಯಕುಮಾರ್. ಅವರೂ ಹಳೆಯ ರೇಸುಗಾರರೇ, ಎಲ್‌ಜಿಬಿ ಕಂಪನಿಯ ಮುಖ್ಯಸ್ಥರು. ನಮ್ಮೂರಿನ ಬೈಕುಗಳ ಚೈನಿನ ಮೇಲೆ ರೋಲಾನ್ ಎಂದು ಬರೆದಿರುತ್ತದಲ್ಲ, ಆ ಚೈನು ಮಾಡುವ ಕಂಪನಿ. 2003ರಲ್ಲಿ ಟ್ರ್ಯಾಕ್ ತೆರೆಯಿತು. ಉದ್ದ 2.1 ಕಿಲೋಮೀಟರ್. ನಮ್ಮ ಕಡೆ ಹಿಂದಿನ ಕಾಲದಲ್ಲಿ ಸ್ಥಿತಿವಂತರು ತೀರಿಕೊಂಡವರ ಹೆಸರಿನಲ್ಲಿ ಕೆರೆ ಕಟ್ಟಿಸುತ್ತಿದ್ದರು, ಬಾವಿ ತೋಡಿಸುತ್ತಿದ್ದರು, ದಾರಿ ಬದಿಗೆ ಅರವಟ್ಟಿಗೆ ಇಡಿಸುತ್ತಿದ್ದರು. ಚೆಟ್ಟಿಪಾಳೆಯಂನ ಗೇಟಿನ ಮೇಲೆ ಆ ಹೆಸರು ಕಂಡಾಗ ನನಗೆ ಮೊದಲು ಹೊಳೆದದ್ದು ಅದೇ. ಇದೂ ಒಂದು ಕೆರೆ. ನೀರಿನ ಬದಲು ಇಲ್ಲಿ ವೇಗವನ್ನು ಏರಿ ಹಾಕಿ ನಿಲ್ಲಿಸಿದ್ದಾರೆ. ಏರಿ ಇಲ್ಲದೆ ಹರಿದ ನೀರು ಏನು ಮಾಡುತ್ತದೆಂದು ನಮ್ಮ ಓಣಿಗೆ ಗೊತ್ತಿದೆ.

ಸುತ್ತ ತೆಂಗಿನ ತೋಟ, ನಡುನಡುವೆ ಬೀಳು ಹೊಲ. ಬೆಳಗ್ಗೆ ಆರೂವರೆಗೆ ಒಳಗೆ ಕಾಲಿಟ್ಟೆವು. ವಿದ್ಯಾರ್ಥಿಗಳ ಜೊತೆ ನನಗೂ ಟ್ರ್ಯಾಕಿನ ಮೇಲೆ ನಡೆಯಲು ಬಿಟ್ಟರು. ಓಡುವ ಮೊದಲು ನಡೆದು ನೋಡಬೇಕು ಎನ್ನುವುದು ಇಲ್ಲಿಯ ಪದ್ಧತಿ. ನಾನು ಬರಿಗಾಲಲ್ಲಿ ನಿಂತು ನೋಡಿದೆ. ಡಾಂಬರು ನಮ್ಮ ರಸ್ತೆಯದ್ದಲ್ಲ. ಅಂಗಾಲಿಗೆ ತುರಿಮಣೆಯ ಹಾಗೆ ಹತ್ತುತ್ತದೆ, ಆದರೆ ಒಂದು ಕಲ್ಲೂ ಮೇಲೆದ್ದಿಲ್ಲ. ತಿರುವುಗಳ ಅಂಚಿಗೆ ಬಣ್ಣ ಬಳಿದ ಕಾಂಕ್ರೀಟಿನ ದಿಂಡು. ಅದರಾಚೆ ಜಾರಿದ ಗಾಡಿ ತಾನಾಗಿ ನಿಧಾನವಾಗಲೆಂದು ಬಿಟ್ಟ ಮಣ್ಣಿನ ಬಯಲು. ಅದರಾಚೆ ಹಳೆಯ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದ ಗೋಡೆ. ತಿರುವಿನ ಹೊರಮೈಯಲ್ಲಿ ರಬ್ಬರಿನ ಸಣ್ಣ ಉಂಡೆಗಳು ಚೆಲ್ಲಿದ್ದವು. ಕೈಗೆತ್ತಿಕೊಂಡರೆ ಇನ್ನೂ ಜಿಗುಟು. ಗಾಡಿಗಳು ಓಡಿ ಓಡಿ ಬಿಟ್ಟುಹೋದ ಚರ್ಮ ಅದು.

ಇಷ್ಟು ವೇಗದ ಗಾಡಿಗೆ ನೆಟ್ಟನೆಯ ದಾರಿ ಬಿಟ್ಟು ಯಾಕಿಷ್ಟು ಸೊಟ್ಟ ಮಾಡಿದ್ದಾರೆಂದು ಅಕ್ಕನ ಮಗನನ್ನು ಕೇಳಿದೆ. "ನೆಟ್ಟಗಿರೋ ಕಡೆ ಎಂಜಿನ್ನು ಓಡತದ ಮಾಮಾ, ತಿರುವಿನಾಗ ಮನಷ್ಯಾ ಓಡ್ಸತಾನ" ಎಂದ. ಆಮೇಲೆ ಕೂತು ಬಿಡಿಸಿ ಹೇಳಿದ. ಗಾಡಿ ಎಷ್ಟೇ ದೊಡ್ಡದಿರಲಿ, ನೆಲಕ್ಕೆ ತಾಗುವುದು ನಾಲ್ಕು ಟೈರುಗಳ ಕೆಳಗಿನ ನಾಲ್ಕು ಅಂಗೈಯಷ್ಟು ಜಾಗ ಮಾತ್ರ. ವೇಗ ಹೆಚ್ಚಿಸುವುದು, ಬ್ರೇಕು ಹಾಕುವುದು, ತಿರುಗುವುದು, ಈ ಮೂರೂ ಕೆಲಸಕ್ಕೆ ಹಿಡಿತ ಸಿಗುವುದು ಅಷ್ಟರಲ್ಲೇ. ಹಗೇವಿನಲ್ಲಿ ತುಂಬಿಟ್ಟ ಜೋಳ ಇದ್ದಷ್ಟೇ. ಅರ್ಧ ಮದುವೆಗೆ ಖರ್ಚು ಮಾಡಿದರೆ ಉಳಿದರ್ಧದಲ್ಲಿ ವರ್ಷ ಕಳೆಯಬೇಕು. ಹಿಡಿತವನ್ನೆಲ್ಲ ಬ್ರೇಕಿಗೆ ಕೊಟ್ಟವನಿಗೆ ತಿರುಗಲು ಏನೂ ಉಳಿಯುವುದಿಲ್ಲ, ಗಾಡಿ ನೆಟ್ಟಗೆ ಹೋಗಿ ಟೈರಿನ ಗೋಡೆಗೆ ಕುಕ್ಕುತ್ತದೆ. ಅದಕ್ಕೇ ಬ್ರೇಕನ್ನು ತಿರುವಿಗೆ ಮೊದಲೇ ಮುಗಿಸುವುದು, ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ದಾರಿಯನ್ನು ಆದಷ್ಟು ಹಿಗ್ಗಿಸಿಕೊಳ್ಳುವುದು. ದಿಂಬಂನ ಡ್ರೈವರು ಮಾಡಿದ್ದೂ ಇದನ್ನೇ.

ನನಗೆ ನಮ್ಮೂರ ತೇರು ಕಣ್ಮುಂದೆ ಬಂತು. ಕೊಟ್ಟೂರೇಶ್ವರನ ತೇರು ನೆಟ್ಟಗೆ ಹೋಗುವಾಗ ಹಗ್ಗ ಹಿಡಿದ ಸಾವಿರ ಕೈಗಳಿಗೂ ಕೀರ್ತಿ. ಹೊರಳುವಾಗ ಮಾತ್ರ ಎಲ್ಲರ ಜೀವ ಗಾಲಿಯ ಬುಡದಲ್ಲಿ ಮರದ ಸನ್ನಿ ಹಿಡಿದು ಕೂತ ನಾಲ್ಕೈದು ಮಂದಿಯ ಕೈಯಲ್ಲಿ. ಯಾವ ಗಾಲಿಗೆ, ಯಾವ ಗಳಿಗೆಯಲ್ಲಿ, ಎಷ್ಟು ಕೊಡಬೇಕು ಎಂಬುದನ್ನು ಅವರು ಯಾವ ಶಾಲೆಯಲ್ಲೂ ಕಲಿತಿಲ್ಲ. 2017ರ ಫೆಬ್ರುವರಿಯಲ್ಲಿ ಆ ತೇರು ಜನಸಾಗರದ ನಡುವೆ ಉರುಳಿಬಿತ್ತು. ಅವತ್ತಿನ ಚೀತ್ಕಾರ ಕೇಳಿದವರಿಗೆ, ಗಾಡಿ ಹೊರಡುವ ಮೊದಲೇ ಅದರ ಒಂದೊಂದು ಕೀಲನ್ನೂ ತಡವಿ ನೋಡಬೇಕು ಎನ್ನುವ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೆಟ್ಟಿಪಾಳೆಯಂನಲ್ಲಿ ನಾನು ಬೆರಗಾಗಿ ನಿಂತದ್ದು ಈ ತಡವಿ ನೋಡುವ ಕೆಲಸದ ಮುಂದೆ. ಓಟದ ಬಗ್ಗೆ ಆಮೇಲೆ ಹೇಳುತ್ತೇನೆ. ಮಕ್ಕಳು ಕಟ್ಟಿಕೊಂಡು ಬಂದ ಗಾಡಿಗಳನ್ನು ಒಂದೊಂದಾಗಿ ತಪಾಸಣೆಗೆ ತಳ್ಳಿಕೊಂಡು ಬರುತ್ತಾರೆ. ಬೆಸುಗೆ ನೋಡುತ್ತಾರೆ, ಬೋಲ್ಟು ನೋಡುತ್ತಾರೆ, ಪಟ್ಟಿ ಕಟ್ಟಿ ಕೂತ ಚಾಲಕ ಐದು ಸೆಕೆಂಡಿನೊಳಗೆ ಹೊರಗೆ ಬಂದು ನಿಲ್ಲುತ್ತಾನೋ ಎಂದು ಗಡಿಯಾರ ಹಿಡಿದು ನೋಡುತ್ತಾರೆ. ಆಮೇಲೆ ಗಾಡಿಯನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ, ಆ ಹಲಗೆಯನ್ನು 60 ಡಿಗ್ರಿಯವರೆಗೆ ಓರೆ ಎತ್ತುತ್ತಾರೆ. ಒಂದು ಹನಿ ಎಣ್ಣೆ ಸೋರಬಾರದು, ಗಾಡಿ ಮಗುಚಬಾರದು. ಕರೆಂಟಿನ ಗಾಡಿಯಾದರೆ ಮೇಲಿನಿಂದ ಮಳೆಯ ಹಾಗೆ ನೀರು ಸುರಿದು ಶಾಕ್ ಹೊಡೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಎಂಜಿನ್ ಗಾಡಿಯಾದರೆ ಸದ್ದು ಅಳೆಯುತ್ತಾರೆ. ಕೊನೆಗೆ ಬ್ರೇಕು. ಓಡಿಸಿಕೊಂಡು ಬಂದು ಒಮ್ಮೆಲೇ ಒತ್ತಿದರೆ ನಾಲ್ಕೂ ಗಾಲಿ ಒಟ್ಟಿಗೆ ಸ್ತಬ್ಧವಾಗಬೇಕು. ಮೂರು ನಿಂತು ಒಂದು ಉರುಳಿದರೂ ನಪಾಸು.

ನಮ್ಮ ಹುಡುಗರ ಗಾಡಿಯ ಹಿಂದಿನ ಒಂದು ಗಾಲಿ ಉರುಳಿತು.

ಮತ್ತೆ ಓಡಿಸಿದರು, ಮತ್ತೆ ಅದೇ ಗಾಲಿ. ಸಂಜೆಯಾಯಿತು, ತಪಾಸಣೆಯವರು ಕೆಲಸ ಮುಗಿಸಿ ಎದ್ದರು. ಆ ಮಕ್ಕಳ ಮುಖ ನೋಡಲಾಗಲಿಲ್ಲ. ಒಂದು ವರ್ಷ ಸಿನಿಮಾ ಬಿಟ್ಟು, ಹಬ್ಬಕ್ಕೆ ಊರಿಗೆ ಬರುವುದು ಬಿಟ್ಟು, ಮನೆಯಿಂದ ಬಂದ ಖರ್ಚಿನ ದುಡ್ಡೆಲ್ಲ ಹಾಕಿ ಕಟ್ಟಿದ ಗಾಡಿ. ಒಂದು ಗಾಲಿ ನಿಲ್ಲದಿದ್ದರೆ ಟ್ರ್ಯಾಕಿಗೆ ಇಳಿಯುವ ಹಾಗೇ ಇಲ್ಲ. ರಾತ್ರಿ ಹನ್ನೊಂದರವರೆಗೆ ಬ್ರೇಕಿನ ನಳಿಗೆಗಳನ್ನು ಬಿಚ್ಚಿ, ಎಣ್ಣೆಯಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳನ್ನು ಹನಿಹನಿಯಾಗಿ ಹೊರದೂಡುತ್ತ ಕೂತರು. ಪಕ್ಕದ ಶೆಡ್ಡಿನ ಮರಾಠಿ ಹುಡುಗರು ತಮ್ಮ ಕೆಲಸ ಬಿಟ್ಟು ಬಂದು ಬ್ಯಾಟರಿ ಹಿಡಿದರು. ಕೇರಳದ ತಂಡದ ಹುಡುಗಿಯೊಬ್ಬಳು ತಮ್ಮ ಬಳಿಯಿದ್ದ ಬ್ರೇಕ್ ಎಣ್ಣೆಯ ಡಬ್ಬಿಯನ್ನೇ ತಂದುಕೊಟ್ಟಳು. ನಾಳೆ ಎದುರಾಳಿಗಳಾಗಿ ನಿಲ್ಲುವವರು ಇವರು. ಬೆಳಗ್ಗೆ ಏಳಕ್ಕೆ ಮತ್ತೆ ತಳ್ಳಿಕೊಂಡು ಹೋದರು. ಗಾಡಿ ಓಡಿತು, ಕೆಂಪು ಬಾವುಟದ ಬಳಿ ಕಿರ್ರೆಂದು ನಿಂತಿತು. ಡಾಂಬರಿನ ಮೇಲೆ ನಾಲ್ಕು ಕಪ್ಪು ಗೆರೆ. ನಾನೂ ಎಣಿಸಿದೆ, ನಾಲ್ಕು.

ಆಮೇಲಿನದು ಪರೀಕ್ಷೆಗಳ ಸಾಲು. 75 ಮೀಟರ್ ನೆಟ್ಟಗೆ ಓಡಿ ಎಷ್ಟು ಬೇಗ ವೇಗ ಪಡೆಯುತ್ತದೆಂದು ತೋರಿಸುವುದು ಒಂದು. ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿ ತಿರುಗುವ ಕಸುವು ತೋರಿಸುವುದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಕೊನೆಯದು, ಸುಮಾರು 22 ಕಿ.ಮೀ. ಓಟ. ಅರ್ಧಕ್ಕೆ ಚಾಲಕ ಬದಲಾಗಬೇಕು, ಬದಲಾದ ಮೇಲೆ ಎಂಜಿನ್ನು ಮತ್ತೆ ಚಾಲೂ ಆಗಬೇಕು. ಕಾದ ಎಂಜಿನ್ನು ಚಾಲೂ ಆಗದೆ ಅಲ್ಲೇ ನಿಂತುಹೋದ ಗಾಡಿಗಳನ್ನು ಕಣ್ಣಾರೆ ಕಂಡೆ. ಎಷ್ಟು ಎಣ್ಣೆ ಕುಡಿಯಿತು ಎಂಬುದಕ್ಕೂ ಅಂಕ. ಗಾಡಿಯ ವಿನ್ಯಾಸ ಯಾಕೆ ಹೀಗಿದೆ, ಒಂದೊಂದು ಭಾಗಕ್ಕೆ ಎಷ್ಟು ಖರ್ಚಾಯಿತು ಎಂದು ಕೂರಿಸಿ ಪ್ರಶ್ನೆ ಕೇಳುವುದಕ್ಕೂ ಅಂಕ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ತಂಡ ಇಂಥ ಗಾಡಿ ಕಟ್ಟತೊಡಗಿ ಎರಡು ದಶಕದ ಮೇಲಾಯಿತು. ನಮ್ಮ ಹುಡುಗರು ಬಹುಮಾನ ಪಡೆಯಲಿಲ್ಲ. 22 ಕಿಲೋಮೀಟರ್ ಮುಗಿಸಿದರು. ಗಾಡಿ ಗೀಟು ದಾಟಿದಾಗ ಅಕ್ಕನ ಮಗ ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ರೇಸಿನ ಟ್ರ್ಯಾಕೊಂದು ಪರೀಕ್ಷೆಯ ಕೋಣೆಯಾಗಬಲ್ಲದು ಎಂದು ನನಗೆ ಯಾರೂ ಹೇಳಿರಲಿಲ್ಲ.

ವರ್ಷದ ಉಳಿದ ದಿನಗಳಲ್ಲಿಯೂ ಆ ನೆಲ ಸುಮ್ಮನಿರುವುದಿಲ್ಲ. ಜೆ.ಕೆ. ಟೈರ್ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಸುತ್ತುಗಳು ಇಲ್ಲಿ ನಡೆಯುತ್ತವೆ. ಫಾರ್ಮುಲಾ ಮಾರುತಿಯ ತಮ್ಮನಂತಿರುವ ಎಲ್‌ಜಿಬಿ ಫಾರ್ಮುಲಾ 4 ಕಾರುಗಳ ಓಟ ಅದರ ಮುಖ್ಯ ಭಾಗ. ಅವು ಈ ಎರಡು ಕಿಲೋಮೀಟರನ್ನು ಒಂದೂಕಾಲು ನಿಮಿಷದೊಳಗೆ ಸುತ್ತಿ ಬರುತ್ತವೆ. 2021ರಿಂದ ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ ಬೈಕುಗಳ ಓಟವೂ ಸೇರಿಕೊಂಡಿದೆ. ನಾನು ಅದೇ ಊರಿಗೆ ಇನ್ನೊಮ್ಮೆ ಹೋದದ್ದು ಈ ಬೈಕುಗಳನ್ನು ನೋಡಲು. ಬುಲೆಟ್ಟಿನ ಸದ್ದು ಕೇಳಿ ಬೆಳೆದ ನನಗೆ, ಅದೇ ಕಂಪನಿಯ ಬೈಕು ನೆಲಕ್ಕೆ ಇಷ್ಟು ವಾಲಬಹುದೆಂದು, ಸವಾರನ ಮಂಡಿ ಡಾಂಬರನ್ನು ಸವರಬಹುದೆಂದು ನಂಬಲಾಗಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಬೈಕುಗಳು ಒಂದೇ ತಿರುವಿಗೆ ಒಟ್ಟಿಗೆ ನುಗ್ಗಿದಾಗ ಕಬ್ಬಿಣದ ಕಟಕಟೆ ಹಿಡಿದ ನನ್ನ ಕೈಯೇ ಕಂಪಿಸಿತು. ಒಬ್ಬ ಹುಡುಗ ಜಾರಿ ಬಿದ್ದ. ನನ್ನ ಎದೆ ನಿಂತಿತು, ನಮ್ಮ ಓಣಿಯ ಹುಡುಗ ಕಣ್ಮುಂದೆ ಬಂದ. ಮರುಕ್ಷಣ ಆ ತಿರುವಿನ ಮಾರ್ಷಲ್ ಹಳದಿ ಬಾವುಟ ಬೀಸಿದರು. ಹಿಂದೆ ಬರುವವರು ಒಬ್ಬರನ್ನೊಬ್ಬರು ದಾಟುವಂತಿಲ್ಲ ಎಂದು ಅದರ ಅರ್ಥ. ಬಿದ್ದವನು ಮಣ್ಣಿನ ಬಯಲಲ್ಲಿ ಉರುಳುತ್ತ ಹೋಗಿ ನಿಂತು, ಎದ್ದ, ಚರ್ಮದ ಉಡುಪಿನ ಧೂಳು ಕೊಡವಿಕೊಂಡ, ಬೈಕಿನ ಕಡೆ ನಡೆದ. ಆಂಬುಲೆನ್ಸು ಎಂಜಿನ್ನು ಚಾಲೂ ಮಾಡಿಕೊಂಡೇ ನಿಂತಿತ್ತು, ಹೊರಡುವ ಅಗತ್ಯ ಬೀಳಲಿಲ್ಲ.

ಅದೇ ವೇಗ, ಅದೇ ಪ್ರಾಯ. ನಮ್ಮ ಓಣಿಯ ಹುಡುಗನಿಗೆ ಎದುರಿನಿಂದ ಲಾರಿ ಬಂದಿತ್ತು, ಇವನಿಗೆ ಎದುರಿನಿಂದ ಏನೂ ಬರುವ ಹಾಗಿಲ್ಲ. ಅವನ ತಲೆಯ ಮೇಲೆ ಹೆಲ್ಮೆಟ್ಟು ಇರಲಿಲ್ಲ, ಇವನನ್ನು ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಿಯೇ ಒಳಗೆ ಬಿಟ್ಟಿದ್ದರು. ಹುಡುಗರಿಗೆ ವೇಗದ ಆಸೆ ಇರಬಾರದು ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. ಆ ಕಟಕಟೆಯ ಬಳಿ ನಿಂತು ಆ ಬೈಗುಳವನ್ನು ಹಿಂದಕ್ಕೆ ತೆಗೆದುಕೊಂಡೆ.

ಗೇಟಿನ ಹೊರಗೆ ಎಳನೀರು ಮಾರುತ್ತಿದ್ದ ಹಿರಿಯರು ನಮ್ಮ ಮಾತು ಕೇಳಿ ಕತ್ತಿ ಕೆಳಗಿಟ್ಟರು. "ಕನ್ನಡದೋರಾ? ನಾವೂ ಮನೇಲಿ ಇದೇ ಮಾತಾಡೋದು" ಎಂದರು. ಎಷ್ಟೋ ತಲೆಮಾರಿನ ಹಿಂದೆ ಬಂದ ಒಕ್ಕಲಿಗರ ಮನೆಯವರು. ಕೊಯಮತ್ತೂರಿನ ಸುತ್ತ ಹೀಗೆ ಕನ್ನಡ ಮನೆಮಾತಾಗಿರುವ ಒಕ್ಕಲಿಗರೂ, ಮಗ್ಗದ ಕೆಲಸದ ದೇವಾಂಗದವರೂ ಬಹಳ ಇದ್ದಾರೆ. ಅವರ ಕನ್ನಡದಲ್ಲಿ ತಮಿಳಿನ ರಾಗ ಇತ್ತು, ನನ್ನ ಕನ್ನಡ ಅವರಿಗೆ ಒರಟಾಗಿ ಕೇಳಿರಬೇಕು. ಟ್ರ್ಯಾಕ್ ಬಂದ ಹೊಸದರಲ್ಲಿ ಸದ್ದಿಗೆ ದನಗಳು ಬೆದರುತ್ತಿದ್ದವಂತೆ, ಈಗ ರೇಸಿನ ದಿನವೂ ಮೆಲುಕು ಹಾಕುತ್ತ ಮಲಗಿರುತ್ತವಂತೆ. ಅವರ ಮೊಮ್ಮಗ ರೇಸಿನ ದಿನ ಬಾವುಟ ಹಿಡಿಯಲು ಹೋಗುತ್ತಾನೆ. "ಹೊರಗೆ ಗಾಡಿ ಜೋರಾಗಿ ಓಡಿಸೋದು ಬಿಟ್ಬಿಟ್ಟ ಅವನು" ಎಂದರು. ಎಳನೀರಿನ ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ.

ದೊಡ್ಡದನ್ನು ಕಟ್ಟಿದವರೂ ಇದ್ದಾರೆ. ದಿಲ್ಲಿಯ ಬಳಿ ಗ್ರೇಟರ್ ನೊಯ್ಡಾದಲ್ಲಿ ಜೇಪಿ ಸಮೂಹ ಕಟ್ಟಿಸಿದ ಬುದ್ಧ ಸರ್ಕ್ಯೂಟು 5.125 ಕಿ.ಮೀ. ಉದ್ದದ್ದು, ಜರ್ಮನಿಯ ಹರ್ಮನ್ ಟಿಲ್ಕೆ ವಿನ್ಯಾಸ ಮಾಡಿದ್ದು. 2011, 2012, 2013ರಲ್ಲಿ ಅಲ್ಲಿ ಫಾರ್ಮುಲಾ ಒನ್ ನಡೆಯಿತು, ಮೂರನ್ನೂ ಸೆಬಾಸ್ಟಿಯನ್ ವೆಟಲ್ ಗೆದ್ದರು. ಆಮೇಲೆ ಫಾರ್ಮುಲಾ ಒನ್ ಆ ಕಡೆ ಬರಲಿಲ್ಲ. ಜಗತ್ತನ್ನು ಕರೆಯಲು ಕಟ್ಟಿದ ಅಂಗಳ ಜಗತ್ತು ಬಾರದ ದಿನ ಬಿಕೋ ಎನ್ನುತ್ತದೆ. ಚೆಟ್ಟಿಪಾಳೆಯಂ ಕಟ್ಟಿದ್ದು ಪಕ್ಕದ ಮನೆಯ ಹುಡುಗನನ್ನು ಕರೆಯಲು, ಅವನು ಪ್ರತಿ ವರ್ಷ ಬರುತ್ತಲೇ ಇದ್ದಾನೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಚಿಕ್ಕದನ್ನೇ ಆರಿಸುತ್ತೇನೆ.

ನಮ್ಮ ರಾಜ್ಯದಲ್ಲಿಯೂ ಬೇರು ಬಿಡತೊಡಗಿದೆ. 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಬಿಗ್‌ರಾಕ್ ಎಂಬ ಮಣ್ಣಿನ ಟ್ರ್ಯಾಕ್ ಮಾಡಿ ಬೈಕು ಕಲಿಸುತ್ತಾರೆ. ಬೆಂಗಳೂರಿನಲ್ಲಿ ಮಕ್ಕಳು ಕಾರ್ಟ್ ಓಡಿಸುವ ಟ್ರ್ಯಾಕುಗಳಿವೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದು, ಮೋಟಾರ್ ರೇಸಿನಲ್ಲಿ ವಿಶ್ವ ಪಟ್ಟ ಪಡೆದ ಮೊದಲ ಭಾರತೀಯರೆನಿಸಿದರು. ಅದೇ ಊರಿನ ಕುಶ್ ಮೈನಿ 2025ರಲ್ಲಿ ಮೊನಾಕೊದ ಬೀದಿಗಳಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ಗೆದ್ದರು. ಇವರೆಲ್ಲ ಬೆಂಗಳೂರಿನವರು ಎಂಬುದನ್ನು ಗಮನಿಸಿ. ಕಲಿಯುವ ಅಂಗಳ ಎಲ್ಲಿ ಹತ್ತಿರವೋ ಅಲ್ಲಿಂದಲೇ ಮಕ್ಕಳು ಮೇಲೇಳುತ್ತಾರೆ. ಕೂಡ್ಲಿಗಿಯಲ್ಲಿ, ಹಡಗಲಿಯಲ್ಲಿ, ಹರಪನಹಳ್ಳಿಯಲ್ಲಿ ಹದಿನಾಲ್ಕರ ಪ್ರಾಯಕ್ಕೇ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹಿಂದಕ್ಕೆ ತಂದು ಕಣದ ಸಂದಿಯಲ್ಲಿ ನಿಲ್ಲಿಸುವ ಹುಡುಗರಿದ್ದಾರೆ. ಮೈಲಾರದ ಜಾತ್ರೆಗೆ ಹೊರಟ ಎತ್ತಿನ ಗಾಡಿಗಳ ಸಾಲಿನಲ್ಲಿ ಕಣ್ಣಿಯ ಒಂದು ಎಳೆತಕ್ಕೆ ಜೋಡಿ ಎತ್ತನ್ನು ಹೊರಳಿಸುವವರಿದ್ದಾರೆ. ಕೈ ಇದೆ, ಅಂಗಳ ಇಲ್ಲ.

ಡಾಂಬರಿನ ಟ್ರ್ಯಾಕ್ ಕೋಟಿಗಳ ಮಾತು, ಅದನ್ನು ನಾನು ಕೇಳುತ್ತಿಲ್ಲ. ಮಣ್ಣಿನ ಟ್ರ್ಯಾಕಿಗೆ ಬೇಕಾದ್ದು ಒಂದಷ್ಟು ಬೀಳು ನೆಲ, ಜೆಸಿಬಿಯ ಕೆಲವು ದಿನದ ಕೆಲಸ, ಸುತ್ತ ಬೇಲಿ, ಹಳೆಯ ಟೈರಿನ ರಾಶಿ, ಬಾವುಟ ಹಿಡಿಯಲು ಕಲಿತ ಹತ್ತು ಮಂದಿ, ಒಂದು ಆಂಬುಲೆನ್ಸು. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಬೀಳು ನೆಲಕ್ಕೆ ಬರವಿಲ್ಲ. ತೇರಿಗೆ, ದಾಸೋಹಕ್ಕೆ, ಕಲ್ಯಾಣಮಂಟಪಕ್ಕೆ ಕೈಬಿಚ್ಚಿ ಕೊಡುವವರು ಇಲ್ಲಿದ್ದಾರೆ. ಅವರಲ್ಲಿ ಯಾರಾದರೂ ಒಬ್ಬರು, ಹೆದ್ದಾರಿಯಲ್ಲಿ ಮಗನನ್ನು ಕಳೆದುಕೊಂಡ ಯಾವುದಾದರೂ ಮನೆಯ ಹೆಸರಿನಲ್ಲಿ, ಹತ್ತು ಎಕರೆ ಇದಕ್ಕೆ ಕೊಡಿ.

ಹೊಸಪೇಟೆ, ಬಳ್ಳಾರಿ, ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರುಗಳಲ್ಲಿಯೂ ಒಂದು ಕೇಳಿಕೆ. ಬರುವ ಜನವರಿಯಲ್ಲಿ ಒಂದು ಬಸ್ಸು ಮಾಡಿ ಮಕ್ಕಳನ್ನು ಚೆಟ್ಟಿಪಾಳೆಯಂಗೆ ಕರೆದೊಯ್ಯಿರಿ. ಕೊಯಮತ್ತೂರು ಪೇಟೆಯಿಂದ ದಕ್ಷಿಣಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು. ದಿಂಬಂನ ಮೇಲೆ ಹೋಗುವುದಾದರೆ ಹಗಲಲ್ಲೇ ದಾಟಿರಿ, ಕಾಡುಪ್ರಾಣಿಗಳಿಗಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ತಲೆಗೆ ಟವೆಲ್ ಇರಲಿ, ಕಿವಿಗೆ ಹತ್ತಿ ಇರಲಿ. ಓಟ ಶುರುವಾಗುವ ಹಿಂದಿನ ದಿನವೇ ತಲುಪಿ, ಬ್ರೇಕಿನ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ.